ಬಳಗಾನೂರಿನ ಕೊಪ್ಪರಿಗೆಯೂ ಪೀರ್‌ಬೀ ಹಾಕಿದ ಕಲಾಯಿಯೂ

ಪೀರ್‌ಬೀ ಕೊಪ್ಪರಿಗೆಯೊಳಗೆ ಇಳಿದಳೆಂದರೆ ಆ ಓಣಿಯ ಕೆಲಸವೆಲ್ಲ ಅರ್ಧಕ್ಕೆ ನಿಂತಂತೆಯೇ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಬಿಗಿದು, ತಳಕ್ಕೆ ಉಸುಕು ಸುರಿದು, ಅದರ ಮೇಲೆ ಹರಕು ಗೋಣಿತಟ್ಟು ಹಾಕಿ, ಎರಡೂ ಪಾದ ಊರಿ ನಿಲ್ಲುತ್ತಿದ್ದಳು. ಬೇವಿನ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಸೊಂಟ ತಿರುವಲು ಶುರುಮಾಡಿದರೆ ಉಸುಕು ಗರಗರ ಅನ್ನುತ್ತ ತಾಮ್ರದ ಹಳೆಯ ಕೊಳೆ ಕೀಳುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ಇದು ಯಾರ ಮದುವೆಯ ಕುಣಿತ ಅಂತ ಕೇಳಿದರೆ ಪೀರ್‌ಬೀ ನಿಲ್ಲದೆ ತಿರುಗುತ್ತಲೇ ಅನ್ನುತ್ತಿದ್ದಳು: "ನಿಮ್ಮತ್ತಿ ಕೊಪ್ಪರಿಗಿ ಬೇ ಇದು. ಬಾ, ನೀನೂ ಇಳಿ, ಇಬ್ಬರಿಗೂ ಜಾಗ ಐತಿ."

ಅವಳು ಹುಟ್ಟಿದ್ದು ಸಂತೆಕಲ್ಲೂರಿನ ಪಿಂಜಾರರ ಮನೆಯಲ್ಲಿ. ಅಪ್ಪ ಅರಳೆ ಹಿಂಜಿ ಗಾದಿ ತುಂಬುವವನು. ಮಸ್ಕಿಯ ಲಾಲ್‌ಸಾಬ್‌ಗೆ ಕೊಟ್ಟು ಮದುವೆ ಮಾಡಿದಾಗ ವರದಕ್ಷಿಣೆಯ ಬದಲು ಒಂದು ಮೂಟೆ ಅರಳೆ ಕಳಿಸಿದ್ದ ಪುಣ್ಯಾತ್ಮ. ಲಾಲ್‌ಸಾಬ್ ಕಲಾಯಿ ಹಾಕುವವನಾದ್ದರಿಂದ ಆ ಅರಳೆ ಎರಡು ಬೇಸಿಗೆ ಉಪಯೋಗಕ್ಕೆ ಬಂತು. ಕಾದ ಪಾತ್ರೆಗೆ ನವಸಾಗರದ ಪುಡಿ ಚೆಲ್ಲಿ, ತವರದ ಕಡ್ಡಿ ಮುಟ್ಟಿಸಿ, ಅದು ಕರಗಿ ಹನಿಯಾದ ಕೂಡಲೇ ಅರಳೆಯ ಉಂಡೆಯಿಂದ ಒರೆಸಿ ಹರಡಬೇಕು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೆಂಪು ತಾಮ್ರದ ಒಳಮೈ ಹಾಲು ಹೊಯ್ದಂತೆ ಬೆಳ್ಳಗಾಗುತ್ತಿತ್ತು. ಲಾಲ್‌ಸಾಬ್ ಪಾತ್ರೆಯಲ್ಲಿ ತಿರುಗುವುದು, ಪೀರ್‌ಬೀ ತಿದಿ ಊದುವುದು. ಮುಕ್ಕುಂದದಿಂದ ಲಿಂಗಸುಗೂರಿನವರೆಗೆ ಅವರಿಬ್ಬರೂ ಕಾಲಿಡದ ಮದುವೆಮನೆ ಇರಲಿಲ್ಲ.

ತಿರುಗಿ ತಿರುಗಿ ಲಾಲ್‌ಸಾಬ್‌ನ ಮೊಣಕಾಲು ಸವೆದವು. ಎಂಬತ್ನಾಲ್ಕನೆಯ ಇಸವಿಯ ಹೊತ್ತಿಗೆ ಅವನು ಎದ್ದರೆ ಕೂರಲಾರ, ಕೂತರೆ ಏಳಲಾರ. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಗೋಣಿಚೀಲ ಹಾಸಿಕೊಂಡು ಸೀಮೆಎಣ್ಣೆ ಸ್ಟೋವ್ ರಿಪೇರಿಗೆ ಕೂತ. ಪೀರ್‌ಬೀ ತಾನೇ ಪಾತ್ರೆಗೆ ಇಳಿಯುತ್ತೇನೆ ಅಂದಾಗ ಓಣಿಯ ಹಿರಿಯರಿಗೆ ಧರ್ಮ ನೆನಪಾಯಿತು. ಹೆಂಗಸು ನಾಲ್ಕು ಜನರೆದುರು ಸೊಂಟ ತಿರುವುವುದೆಂದರೇನು ಅಂತ ಮನೆಗೇ ಬಂದು ಕೇಳಿದರು. ಹಾಗಾದರೆ ನಿಮ್ಮಲ್ಲಿ ಯಾರು ಇಳಿಯುತ್ತೀರಿ ಅಂತ ಪೀರ್‌ಬೀ ಕೇಳಿದಳು. ಯಾರೂ ಇಳಿಯಲಿಲ್ಲ. ಅವಳ ಒಲೆ ಹತ್ತಿದೆಯೋ ಇಲ್ಲವೋ ಎಂದು ನೋಡಲು ಒಂದು ದಿನವೂ ಬಾರದವರು ಅವಳ ಸೊಂಟ ನೋಡಲು ಮಾತ್ರ ಪುರಸೊತ್ತು ಮಾಡಿಕೊಂಡು ಬಂದಿದ್ದರು. ಚಹಾ ಕುಡಿದು ಹೋದರು. ಮರುದಿನ ಪೀರ್‌ಬೀ ಇಳಿದಳು.

ಕಲಾಯಿಯ ವಿದ್ಯೆಯಲ್ಲಿ ಲಾಲ್‌ಸಾಬ್ ಅವಳಿಗೆ ಕಲಿಸಿದ್ದು ಬಹಳವೇನಿಲ್ಲ, ಆದರೆ ಕಲಿಸಿದ್ದನ್ನು ಮನಸ್ಸಿಗೆ ಹತ್ತುವಂತೆ ಕಲಿಸಿದ್ದ. ತಾಮ್ರ ಒಳ್ಳೆಯದು, ಹುಣಸೆಹಣ್ಣೂ ಒಳ್ಳೆಯದು. ಇವೆರಡೂ ಒಂದನ್ನೊಂದು ಮುಟ್ಟಿ ಹೊತ್ತು ಕಳೆದರೆ ಕಿಲುಬು ಎದ್ದು ಹೊಟ್ಟೆ ಸೇರುತ್ತದೆ, ಉಂಡವನು ಅವತ್ತೇ ಕಾರಿಕೊಳ್ಳುತ್ತಾನೆ. ನಡುವೆ ತವರದ ಪದರ ನಿಂತರೆ ಅದೇ ಪಾತ್ರೆ ತಾಯಿಯಂತೆ. ಆ ತವರಕ್ಕೆ ಸೀಸ ಬೆರೆಸಿದ್ದರೆ ಕಾಯಬೇಕಾದ ಪದರವೇ ವಿಷ. ಅದು ಅವತ್ತೇ ಕಾರಿಸುವುದಿಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ಮಕ್ಕಳ ಮೈಯೊಳಗೆ ಕೂರುತ್ತದೆ. ಮೇಲಿನಿಂದ ನೋಡಿದರೆ ಎರಡೂ ಬೆಳ್ಳಗೆ, ಎರಡೂ ಹೊಳಪು. ಗುರುತು ಹಿಡಿಯಬೇಕಾದರೆ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಾಗಿಸಬೇಕು. ಚೊಕ್ಕ ತವರವಾದರೆ ಒಳಗೆ ಕಿರಕಿರ ಅಂತ ಅಳುತ್ತದೆ. ಸೀಸ ಕೂಡಿದರೆ ಮೂಕಾಗುತ್ತದೆ. ಅಳದ ಕಡ್ಡಿಯನ್ನು ಮನೆಗೆ ತರಬೇಡ ಅಂತ ಅವನು ಹೇಳಿದ್ದ.

ಕಾಲುವೆಯ ನೀರು ಬಳಗಾನೂರಿನ ಹೊಲಗಳಿಗೆ ಹರಿದು ಜೋಳ ಹೋಗಿ ಭತ್ತ ಬಂದ ಮೇಲೆ ಈ ವಿದ್ಯೆಗೆ ಕೇಳುವವರು ಕಡಿಮೆಯಾದರು. ಕೈಯಲ್ಲಿ ರೊಕ್ಕ ಆಡಿತು, ಸಿಂಧನೂರಿನಿಂದ ಸ್ಟೀಲು ಬಂತು. ಅಜ್ಜಿಯರ ತಾಮ್ರದ ಗಿಂಡಿ, ತಪ್ಪೇಲಿಗಳನ್ನು ತೂಕಕ್ಕೆ ಹಾಕಿ ಸ್ಟೀಲಿನ ತಾಟು ತಂದರು. ಉಳಿದದ್ದು ಮದುವೆಯ ದೊಡ್ಡ ಕೊಪ್ಪರಿಗೆಗಳು ಮಾತ್ರ, ಅಷ್ಟು ದೊಡ್ಡದನ್ನು ಸ್ಟೀಲಿನಲ್ಲಿ ಮಾಡುವವರು ಈ ಕಡೆ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ. ಪೀರ್‌ಬೀಯ ವರ್ಷದ ಗಂಜಿಯೆಲ್ಲ ಬೇಸಿಗೆಯ ಆ ಕೊಪ್ಪರಿಗೆಗಳ ತಳದಲ್ಲಿತ್ತು.

ಎಂಬತ್ತೆಂಟರ ಬೇಸಿಗೆಯಲ್ಲಿ ಬಳಗಾನೂರಿನ ಗದ್ದೆಪ್ಪನ ಮಗಳ ಮದುವೆ ಗಟ್ಟಿಯಾಯಿತು. ಗಂಡಿನವರು ಲಿಂಗಸುಗೂರಿನವರು. ಗದ್ದೆಪ್ಪ ಊರಿನಲ್ಲಿ ಮಾತು ನಡೆಯುವ ಮನುಷ್ಯ, ನಾಲ್ಕು ಜನ ಸೇರಿದಲ್ಲಿ ಐದನೆಯವನಾಗಿ ಹೋಗಿ ಮೊದಲನೆಯವನಾಗಿ ಮಾತಾಡುವವನು. ಅವನ ಅಜ್ಜನ ಕಾಲದ ಕೊಪ್ಪರಿಗೆಗೆ ಪೀರ್‌ಬೀಯೇ ಬರಬೇಕಾಯಿತು. ತವರ ಮುಗಿದಿದ್ದರಿಂದ ಅವಳು ಸಿಂಧನೂರಿನ ಅಂಗಡಿಯೊಂದಕ್ಕೆ ಹೋಗಿ ಕಡ್ಡಿ ಎತ್ತಿ ಕಿವಿಗೆ ಹಿಡಿದಳು. ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಗುಡುಗುತ್ತಿದ್ದವು, ಏನೂ ಕೇಳಲಿಲ್ಲ. ಮತ್ತೆ ಬಾಗಿಸಲು ಹೋದಾಗ ಅಂಗಡಿಯವನು, ಹಾಡು ಕೇಳುವುದಾದರೆ ರೇಡಿಯೋ ಅಂಗಡಿ ಪಕ್ಕದಲ್ಲಿದೆ ಎಂದ. ಗಿರಾಕಿಗಳು ನಕ್ಕರು. ಪೀರ್‌ಬೀ ನಾಚಿ, ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದುಬಿಟ್ಟಳು. ಊರಾಚೆಯ ಕಣದಲ್ಲಿ ಹಾಕಿದ ಕಲಾಯಿಯೇನೋ ಚೆನ್ನಾಗಿಯೇ ಹತ್ತಿತು. ಒಳಗೆ ಇಣುಕಿದರೆ ಹಾಲು ಹೊಯ್ದಂತೆ ಬೆಳ್ಳಗೆ. ಎರಡು ಕಡ್ಡಿ ಉಳಿದವು, ಗಂಟು ಕಟ್ಟಿ ಗೂಡಿನಲ್ಲಿಟ್ಟಳು.

ಮದುವೆಯ ಹಿಂದಿನ ದಿನ ಗಂಡಿನವರ ಲಾರಿ ದಾರಿಯಲ್ಲಿ ಪಂಕ್ಚರಾಗಿ ಊಟದ ಹೊತ್ತು ಮೀರಿ ಬಂತು. ಬೆಳಿಗ್ಗೆಯೇ ಕಾಸಿದ ಹುಣಸೆಹುಳಿಯ ಸಾರು ಕೊಪ್ಪರಿಗೆಯಲ್ಲಿ ಹಾಗೇ ಕಾದಿತ್ತು. ಬೀಗರು ಉಂಡ ಮೇಲೆಯೇ ಹೆಣ್ಣಿನ ಕಡೆಯವರು ಉಣ್ಣುವ ಪದ್ಧತಿಯಾದ್ದರಿಂದ ಆ ಸಾರಿನ ಭಾಗ್ಯ ಲಿಂಗಸುಗೂರಿನವರಿಗೆ ಮಾತ್ರ ಸಿಕ್ಕಿತು. ಸಂಜೆ ಇಳಿಯುವುದರೊಳಗೆ ಬೀಗರು ಒಬ್ಬೊಬ್ಬರಾಗಿ ತಂಬಿಗೆ ಹಿಡಿದು ಜಾಲಿಗಿಡಗಳ ಕಡೆ ಓಡತೊಡಗಿದರು. ತಂಬಿಗೆಗಳು ಮುಗಿದವು, ಓಡುವವರು ಮುಗಿಯಲಿಲ್ಲ. ಮದುಮಗ ಪೇಟ ಒಬ್ಬರ ಕೈಗೆ, ಬಾಸಿಂಗ ಇನ್ನೊಬ್ಬರ ಕೈಗೆ ಕೊಟ್ಟು ಓಡಿದ. ಸಿಂಧನೂರಿನಿಂದ ಬಂದ ಕಾಂಪೌಂಡರ್ ಗುಳಿಗೆ ಕೊಟ್ಟು, ಸಾರಿನಲ್ಲಿ ಕಿಲುಬು ಎದ್ದಿದೆ, ಯಾರಿಗೂ ಭಯವಿಲ್ಲ, ಆ ಪಾತ್ರೆಯದನ್ನು ಮಾತ್ರ ಮತ್ತೆ ಉಣ್ಣಬೇಡಿ ಅಂದು ಹೋದ. ಬೆಳಿಗ್ಗೆ ಎಲ್ಲರ ಹೊಟ್ಟೆ ಹತೋಟಿಗೆ ಬಂತು. ಮುಹೂರ್ತ ಕಾಯುವುದಿಲ್ಲವಾದ್ದರಿಂದ ಅಕ್ಕಿಕಾಳೂ ಬಿದ್ದವು. ಆದರೆ ಅಕ್ಕಿಕಾಳು ಬಿದ್ದ ಮೇಲೆ ಬೀಗರು, ಈ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ, ಹೆಣ್ಣನ್ನು ಲಾರಿ ಹತ್ತಿಸಿ ಅಂತ ಕೂತರು.

ಗದ್ದೆಪ್ಪನ ಮಾನ ಮುಕ್ಕಾಲು ಪಾಲು ಲಾರಿ ಹತ್ತಿದಂತಾಯಿತು. ಇಂಥ ಹೊತ್ತಿನಲ್ಲಿ ಊರಿಗೆ ಒಂದು ಹೆಸರು ಬೇಕಾಗುತ್ತದೆ. ಸಾರು ಕಾಸಿದವರ ಹೆಸರು ಬರಲಿಲ್ಲ, ಅವರು ನೆಂಟರು. ಅದನ್ನು ಮಧ್ಯಾಹ್ನದ ತನಕ ಅದರಲ್ಲೇ ಬಿಟ್ಟವರ ಹೆಸರು ಬರಲಿಲ್ಲ, ಅವರು ಮನೆಯವರು. ಪೀರ್‌ಬೀಯ ಹೆಸರು ಮಾತ್ರ ಎಲ್ಲರ ಬಾಯಿಗೂ ಸಲೀಸಾಗಿ ಬಂತು. ಬೇರೆ ಊರಿನವಳು, ಬಡವಿ, ಅವಳ ಬೆನ್ನಿಗೆ ಕೂಗಾಡುವ ಅಣ್ಣತಮ್ಮಂದಿರಿಲ್ಲ. ಕೊಪ್ಪರಿಗೆಯೊಳಗೆ ನೋಡಿದರೆ ಬಿಳುಪು ಹೋಗಿ ಕೆಂಪು ತಾಮ್ರ ಕಾಣುತ್ತಿತ್ತು. ಕಳ್ಳ ಕಲಾಯಿ ಹಾಕಿದ್ದಾಳೆ ಅಂತ ಗದ್ದೆಪ್ಪ ತೀರ್ಪು ಕೊಟ್ಟು, ಅವಳನ್ನು ಕರೆತರಲು ಮಸ್ಕಿಗೆ ಟ್ರ್ಯಾಕ್ಟರ್ ಕಳಿಸಿದ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ಸುದ್ದಿ ಕೇಳಿ ಲಾಲ್‌ಸಾಬ್ ಸ್ಟೋವ್ ಪಕ್ಕಕ್ಕಿಟ್ಟು, ನಾಲ್ಕು ದಿನ ಸಂತೆಕಲ್ಲೂರಿಗೆ ಹೋಗಿ ಬಾ, ಬಿಸಿ ಆರಲಿ ಅಂದ. ಪೀರ್‌ಬೀ ಒಪ್ಪಲಿಲ್ಲ. ಹೋಗದಿದ್ದರೆ ಕಳ್ಳಿ ಎಂಬ ಹೆಸರು ಬಳಗಾನೂರಿನಲ್ಲಿ ನಿಂತು, ಸಂತೆಯ ದಿನದೊಳಗೆ ಮುಕ್ಕುಂದ ಮುಟ್ಟುತ್ತದೆ. ಆಮೇಲೆ ಯಾವ ಮನೆಯ ಕೊಪ್ಪರಿಗೆಯೂ ಅವಳ ಪಾದಕ್ಕೆ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟ ಯೋಚನೆ ಒಂದು ಎದೆಯಲ್ಲಿ ಕೂತಿತ್ತು. ತವರ ಕಲಬೆರಕೆಯಾಗಿದ್ದರೆ ಕಲಾಯಿ ಹಿಡಿದು ನಿಲ್ಲದೆ ಏಳುತ್ತದೆ. ಆ ಕಡ್ಡಿ ಅತ್ತಿದ್ದನ್ನು ಅವಳು ಕೇಳಿರಲಿಲ್ಲ. ನಾಲ್ಕು ಜನ ನಕ್ಕರೆಂದು ನಾಚಿ ಬಂದವಳಿಗೆ ಈಗ ನಾನಲ್ಲ ಅಂತ ಹೇಳಲು ಬಾಯಿ ಎಲ್ಲಿಂದ ಬರಬೇಕು? ಗೂಡಿನಲ್ಲಿದ್ದ ಎರಡು ಕಡ್ಡಿಗಳ ಗಂಟು, ತಿದಿ, ನವಸಾಗರ ಎತ್ತಿಕೊಂಡು ಟ್ರ್ಯಾಕ್ಟರ್ ಹತ್ತಿದಳು. ದಾರಿಯಲ್ಲೇ ಬಾಗಿಸಿ ನೋಡೋಣವೆಂದರೆ ಅದರ ಗದ್ದಲದಲ್ಲಿ ಅವಳಿಗೆ ಅವಳ ಉಸಿರೂ ಕೇಳುತ್ತಿರಲಿಲ್ಲ.

ಮದುವೆಮನೆಯ ಹಂದರದಲ್ಲಿ ಎಲ್ಲರೂ ನೆರೆದಿದ್ದರು. ಬೀಗರು ಮಂಚಗಳ ಮೇಲೆ ಒರಗಿ ನಿಂಬೆಹಣ್ಣಿನ ಶರಬತ್ತು ಹೀರುತ್ತಿದ್ದರು, ಅದನ್ನೂ ತಾವೇ ತಂದ ಗ್ಲಾಸಿನಲ್ಲಿ. ನಡುಮಂಚದಲ್ಲಿ ಮದುಮಗನ ಸೋದರತ್ತೆ ಸೂಗಮ್ಮ. ಎಲ್ಲರಿಗಿಂತ ಹೆಚ್ಚು ಸಾರು ಉಂಡವಳು, ಎಲ್ಲರಿಗಿಂತ ಹೆಚ್ಚು ಸಲ ಜಾಲಿಗಿಡ ಕಂಡವಳು, ಆದ್ದರಿಂದ ಎಲ್ಲರಿಗಿಂತ ದೊಡ್ಡ ಸಿಟ್ಟು ಅವಳದೇ. ಪೀರ್‌ಬೀ ಬಂದು ನಿಂತ ಕೂಡಲೇ ಗದ್ದೆಪ್ಪ ಶುರುಮಾಡಿದ.

"ಏನ್ ಹಾಕೀಯಲೇ ಪೀರ್‌ಬೀ, ತವರ ಹಾಕೀಯೋ ಸುಣ್ಣ ಬಳದೀಯೋ? ನಾಕ್ ಮಂದಿ ಮುಂದ ಬೊಗಳು."

ಪೀರ್‌ಬೀ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದಳು. ಕೆಂಪಗೆ ನಿಗಿನಿಗಿ ಹೊಳೆಯುತ್ತಿತ್ತು. ಗಂಟು ಬಿಚ್ಚಿ ಕಡ್ಡಿ ಕೈಗೆ ತೆಗೆದುಕೊಂಡು, ಇದೇ ತವರ, ಚೊಕ್ಕ ಇದ್ದರೆ ಅಳುತ್ತದೆ, ಕಲಬೆರಕೆ ಇದ್ದರೆ ಮೂಕಾಗಿರುತ್ತದೆ, ನನಗೂ ಇನ್ನೂ ಗೊತ್ತಿಲ್ಲ, ನಿಮ್ಮೆದುರಿಗೇ ಬಾಗಿಸುತ್ತೇನೆ, ಮೂಕಾಗಿದ್ದರೆ ತಪ್ಪು ನನ್ನದೇ ಅಂದಳು. ಬಚ್ಚಿಡಬಹುದಾದದ್ದನ್ನು ತಾನೇ ಬಿಚ್ಚಿಡುವವರನ್ನು ಕಂಡು ರೂಢಿಯಿಲ್ಲದ ಜನ ಇದೇನೋ ಹೊಸ ಆಟವೆಂದು ಅನುಮಾನಪಟ್ಟರು. ಪೀರ್‌ಬೀ ನೇರ ಸೂಗಮ್ಮನ ಮಂಚಕ್ಕೆ ಹೋದಳು.

"ಎಲ್ಲಾರಕ್ಕಿಂತ ಜಾಸ್ತಿ ನೋವು ತಿಂದೋರು ನೀವು. ನೀವ ಕೇಳ್ರಿ ಅಕ್ಕಾ. ನಾ ಹೇಳಿದ್ರ ಯಾರೂ ನಂಬಂಗಿಲ್ಲ."

ಸೂಗಮ್ಮ ಮುಖ ಗಂಟಿಕ್ಕಿಕೊಂಡೇ ಕಿವಿ ಕೊಟ್ಟಳು. ಪೀರ್‌ಬೀ ಬಾಗಿಸಿದಳು. ಬಾಜಾದವರು ಅದೇ ಹೊತ್ತಿಗೆ ಸನಾದಿ ಎತ್ತಿದರು. ಗದ್ದೆಪ್ಪ ಗದರಿದ, ಬಾಜಾ ನಿಂತಿತು. ಮೈಕಿನಲ್ಲಿ ಹಾಡು ಉಳಿದಿತ್ತು, ಅದನ್ನೂ ಆರಿಸಿದರು. ಹಾಡು ನಿಂತ ಮೇಲೆ ಜನರೇಟರ್ ಸದ್ದು ಕೇಳಿತು, ಅದನ್ನು ಆರಿಸಿದರು. ಆಮೇಲೆ ಹಿತ್ತಲಲ್ಲಿ ಯಾರೋ ಒನಕೆಯಿಂದ ಕುಟ್ಟುತ್ತಿದ್ದರು, ಒಬ್ಬ ಓಡಿಹೋಗಿ ಬಿಡಿಸಿ ಬಂದ. ಮದುವೆಮನೆಯೊಂದು ಅಷ್ಟು ಸುಮ್ಮನಾದದ್ದನ್ನು ಬಳಗಾನೂರು ಹಿಂದೆ ಕಂಡಿರಲಿಲ್ಲ. ಪೀರ್‌ಬೀ ಎರಡನೆಯ ಕಡ್ಡಿ ತೆಗೆದು ಸೂಗಮ್ಮನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದು ಮೆಲ್ಲಗೆ ಬಾಗಿಸಿದಳು.

ಕಿರ್, ಕಿರ್ ಕಿರ್.

ಸೂಗಮ್ಮ ಬೆಚ್ಚಿ ಕಿವಿ ಹಿಂದಕ್ಕೆಳೆದುಕೊಂಡಳು. "ಯವ್ವಾ, ಹಲ್ಲು ಕಡದಂಗ ಅಂತೈತಲ್ಲ ಇದು." ಮತ್ತೊಮ್ಮೆ ಬಾಗಿಸು ಅಂದಳು, ಮತ್ತೊಮ್ಮೆ ಕೇಳಿದಳು. ಮದುಮಗನೂ ಬಂದು ಕಿವಿಯಿಟ್ಟ. ಪೀರ್‌ಬೀ ಕಡ್ಡಿಯನ್ನು ಗದ್ದೆಪ್ಪನ ಕಡೆ ಚಾಚಿದಳು.

ಗದ್ದೆಪ್ಪ ಸೋಲುವವನಲ್ಲ. ಕಡ್ಡಿ ಅತ್ತರೇನು, ನಕ್ಕರೇನು, ಕೊಪ್ಪರಿಗೆ ಕೆಂಪಗಿದೆಯೋ ಇಲ್ಲವೋ ಅಂದ. ಅದೂ ಸರಿಯಾದ ಮಾತೇ, ಪೀರ್‌ಬೀ ಮತ್ತೆ ಕೊಪ್ಪರಿಗೆಗೆ ಬಗ್ಗಿ ಒಳಮೈಗೆ ಬೆರಳಾಡಿಸಿದಳು. ಜನ ಮತ್ತೆ ಗುಜುಗುಜು ಶುರುಮಾಡಿದರು. ಹೆಣ್ಣಿನ ಮನೆಯ ಪಾತ್ರೆಯೇ ಹೊಲಸಿತ್ತೇನೋ ಅಂತ ಬೀಗರ ಕಡೆಯಿಂದ ಒಂದು ಮಾತು ತೇಲಿ ಬಂತು. ಆ ಮಾತಿಗೆ ಗದ್ದೆಪ್ಪನ ಹೆಂಡತಿ ಪಾರ್ವತೆಮ್ಮ ಅಡುಗೆಯ ಕಡೆಯಿಂದ ಸೆರಗು ಸಿಕ್ಕಿಸಿಕೊಂಡು ನುಗ್ಗಿಬಂದಳು. ಏನು ಬೇಕಾದರೂ ಸಹಿಸುವವಳು, ಹೊಲಸು ಅಂದರೆ ಮಾತ್ರ ಸಹಿಸುವವಳಲ್ಲ.

"ನನ್ನ ಪಾತ್ರಿ ಹೊಲಸು ಅಂತ ಹುಟ್ಟಿದಾಗಿನಿಂದ ಯಾರೂ ಅಂದಿಲ್ಲ. ಬೀಗರು ಬರ್ತಾರಂತ ನಾನಽ ಕುಂತು ತಿಕ್ಕೀನಿ, ಇಟ್ಟಂಗಿ ಪುಡಿ, ಹುಣಸಿಹಣ್ಣು ಹಚ್ಚಿ. ಒಳಗೆಲ್ಲ ಬೆಳ್ಳಗ ಬೂದಿ ಹತ್ತಿದಂಗ ಏನೋ ಕುಂತಿತ್ತು, ಹೋಗವಲ್ದು ಅಂದ್ರ ಹೋಗವಲ್ದು. ಓಣಿ ಹೆಣ್ಮಕ್ಕಳನೆಲ್ಲ ಕರದು ತಿಕ್ಕಿಸೀನಿ. ಅದು ಹೋಗಿ ಕೆಂಪಗ ಹೊಳಿಯೋತನ ಬಿಟ್ಟಿಲ್ಲ ನಾನು. ನೋಡ್ರಿ ಬೇಕಾದ್ರ, ಮಾರಿ ಕಾಣ್ತೈತಿ."

ಹಂದರ ಎರಡನೆಯ ಸಲ ಸುಮ್ಮನಾಯಿತು, ಈ ಸಲ ಯಾರೂ ಯಾವುದನ್ನೂ ಆರಿಸಬೇಕಾಗಲಿಲ್ಲ. ಗದ್ದೆಪ್ಪ ಹೆಂಡತಿಗೆ ಕಣ್ಣುಸನ್ನೆ ಮಾಡಿದ. ಅದು ಮೆಚ್ಚುಗೆಯೆಂದು ತಿಳಿದು ಅವಳು, ಮೊಣಕೈ ಇನ್ನೂ ನೋಯುತ್ತಿದೆ ಅಂತ ಸೇರಿಸಿದಳು.

"ಪಾರ್ವತೆಕ್ಕಾ," ಅಂದಳು ಪೀರ್‌ಬೀ, "ಆ ಬೆಳ್ಳನ ಬೂದೀನ ಕಲಾಯಿ."

ಮೊದಲು ನಕ್ಕವಳು ಸೂಗಮ್ಮ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗಿಸಬೇಡಿರೇ ನೋಯುತ್ತದೆ ಅನ್ನುತ್ತ ಮತ್ತೆ ನಕ್ಕಳು. ಮಂಚ ಮಂಚಕ್ಕೂ ನಗೆ ಹತ್ತಿತು. ಪಾರ್ವತೆಮ್ಮ ಕೊಪ್ಪರಿಗೆಯನ್ನೂ ತನ್ನ ಕೈಯನ್ನೂ ನೋಡಿ ನೋಡಿ ಕೆಳಗೆ ಕೂತುಬಿಟ್ಟಳು. ಅವಳ ತಪ್ಪೂ ಅವಳೊಬ್ಬಳದೇ ಅಲ್ಲ. ಇಷ್ಟು ವರ್ಷ ಸ್ಟೀಲನ್ನೇ ತಿಕ್ಕಿದವಳಿಗೆ ಹೊಳಪೇ ಚೊಕ್ಕತನ. ಕಾಲುವೆ ನೀರಿನ ಜೊತೆ ಹೊಸದೆಲ್ಲವನ್ನೂ ಬರಮಾಡಿಕೊಂಡ ಊರು, ಹಳೆಯ ಪಾತ್ರೆಯ ಒಳಗೆ ಏನಿರುತ್ತದೆ, ಅದು ಯಾಕಿರುತ್ತದೆ ಅಂತ ಸೊಸೆಯರಿಗೆ ಹೇಳುವುದನ್ನು ಮರೆತಿತ್ತು. ಪೀರ್‌ಬೀ ಅವಳ ಪಕ್ಕ ಕೂತು, ಬೂದಿ, ತೆಂಗಿನನಾರು ಸಾಕು, ಇಟ್ಟಂಗಿ ಪುಡಿ ಹೊರಮೈಗೆ ಮಾತ್ರ ಅಂತ ಮೆಲ್ಲಗೆ ಹೇಳಿದಳು.

ಗದ್ದೆಪ್ಪ ಗಂಟಲು ಸರಿಮಾಡಿಕೊಂಡ. ಆದದ್ದಾಯಿತು, ಇನ್ನೊಮ್ಮೆ ಕಲಾಯಿ ಹಾಕು, ಬಿಸಿ ಸಾರು ಕಾಸಿ ಬೀಗರನ್ನು ಉಣ್ಣಿಸೋಣ ಅಂದ. ತಾನು ಅಂದ ಮಾತುಗಳ ಸುದ್ದಿಯನ್ನೇ ಎತ್ತಲಿಲ್ಲ. ದೊಡ್ಡವರ ಕ್ಷಮೆ ಯಾವಾಗಲೂ ಹೀಗೆಯೇ, ಹೊಸ ಕೆಲಸ ಹೇಳುವ ರೂಪದಲ್ಲಿ ಬರುತ್ತದೆ. ಪೀರ್‌ಬೀ ಎದ್ದು ಉಸುಕು ತಂದು ಕೊಪ್ಪರಿಗೆಗೆ ಸುರಿದಳು, ಗೋಣಿತಟ್ಟು ಹಾಕಿದಳು. ತಾನು ಇಳಿಯಲಿಲ್ಲ.

"ಗದ್ದೆಪ್ಪಣ್ಣಾ, ಎಲ್ಲಾರ ಮುಂದ ನನಗ ಕಳ್ಳ ಕಲಾಯಿ ಅಂದೀರಿ. ಅದನ್ನ ಎಲ್ಲಾರ ಮುಂದ ತೊಳೀರಿ. ಬರ್ರಿ, ಇಳೀರಿ."

ಗದ್ದೆಪ್ಪ ಸುತ್ತಲೂ ನೋಡಿದ. ಸಹಾಯಕ್ಕೆ ಬರಬೇಕಾದವರೆಲ್ಲ ಹಂದರದ ಮೇಲಿನ ತೆಂಗಿನ ಗರಿ ನೋಡುತ್ತಿದ್ದರು. ಇಳಿಯದಿದ್ದರೆ ನಾವು ಲಾರಿ ಹತ್ತುತ್ತೇವೆ ಅಂತ ಸೂಗಮ್ಮ ಮಂಚದಿಂದಲೇ ಘೋಷಿಸಿದಳು. ಒಳಗಿನಿಂದ ಮದುಮಗಳೂ, "ಇಳಿಯಪ್ಪಾ" ಅಂದಳು. ಗದ್ದೆಪ್ಪ ಜರಿಯ ಧೋತ್ರ ಎತ್ತಿ ಕಟ್ಟಿ, ಪೇಟ ತೆಗೆದು ಹೆಂಡತಿಯ ಕೈಗೆ ಕೊಟ್ಟು ಇಳಿದ. ಮೊದಲು ಬರೀ ಭುಜ ತಿರುಗಿತು. ಸೊಂಟ ತಿರುವಬೇಕು, ಭುಜ ಅಲ್ಲ ಅಂತ ಪೀರ್‌ಬೀ ತಿದ್ದಿದಳು. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಬಾಜಾದವರಿಗೆ ಯಾರೂ ಹೇಳಲಿಲ್ಲ, ಅವರಾಗಿಯೇ ಹಲಗೆ ಹಿಡಿದು ಆ ಗರಗರಕ್ಕೆ ತಾಳ ಕೂಡಿಸಿದರು. ಸ್ವಲ್ಪ ಹೊತ್ತಿಗೆ ಗದ್ದೆಪ್ಪನಿಗೂ ಲಯ ಹತ್ತಿತು. ಸಾಕು ಅಂದರೂ ಅವನು ನಿಲ್ಲಿಸಲಿಲ್ಲ, ಒಂದು ಕಡೆ ಇನ್ನೂ ಸ್ವಲ್ಪ ಕಿಲುಬಿದೆ ಅಂತ ತಿರುಗಿದ.

ಕೆಂಡ ಊದಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ಆ ಅಳುವ ಕಡ್ಡಿಗಳೆರಡನ್ನೂ ಪೀರ್‌ಬೀ ಕೊಪ್ಪರಿಗೆಗೆ ಕುಡಿಸಿದಳು. ಕೆಂಪು ಹೋಗಿ ಬೆಳ್ಳಗಾದದ್ದನ್ನು ಓಣಿಯ ಹೆಣ್ಣುಮಕ್ಕಳೆಲ್ಲ ಈ ಸಲ ಬಗ್ಗಿ ನೋಡಿದರು. ಹೊಸ ಸಾರು ಕುದಿಯಿತು, ಎಲೆಗಳು ಬಿದ್ದವು. ಬೀಗರು ಮಾತ್ರ ಏಳಲಿಲ್ಲ. ಎಲ್ಲ ಸರಿ, ಆದರೆ ಹೊಟ್ಟೆಗೆ ನಂಬಿಕೆ ಬರಬೇಕಲ್ಲ ಅಂದರು. ಆಗ ಗದ್ದೆಪ್ಪನೇ, ಪೀರ್‌ಬೀ ಮೊದಲು ಉಣ್ಣಲಿ ಅಂದ.

ಮದುವೆಯ ಮನೆಗಳಲ್ಲಿ ಪೀರ್‌ಬೀಗೆ ಊಟ ಸಿಗುತ್ತಿದ್ದುದು ಹಿತ್ತಲಲ್ಲಿ, ಪಂಕ್ತಿಗಳೆಲ್ಲ ಎದ್ದ ಮೇಲೆ, ಮಡಿಲಿಗೆ ಹಾಕಿದಷ್ಟು. ಇವತ್ತು ಹಂದರದ ನಟ್ಟನಡುವೆ, ಬೀಗರಿಗೆ ಹಾಕಿದ ಜಮಖಾನದ ಮೇಲೆ ಮೊದಲ ಎಲೆ ಅವಳದು. ಆ ಜಾಗ ಕೊಟ್ಟದ್ದು ಅವಳ ಮೇಲಿನ ಗೌರವವಲ್ಲ, ಅವರ ಹೊಟ್ಟೆಯ ಭಯ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳಂತೆ ಚಕ್ಕಳಮಕ್ಕಳ ಹಾಕಿ ಕೂತಳು. ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು. ಅನ್ನಕ್ಕೆ ಸಾರು ಕಲಸಿ ಉಂಡಳು. ಬದನೆಕಾಯಿ ಪಲ್ಯ ಉಂಡಳು. ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಂಡಳು. ಅಲ್ಲಿಗೆ ಮುಗಿಸುತ್ತಾಳೆಂದು ಎಲ್ಲರೂ ಕಾದರೆ, ಅವಳು ಎಲೆಯ ಅನ್ನ ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿ, ಬಡಿಸುವವನ ಕಡೆ ನೋಡಿದಳು.

"ಇನ್ನಷ್ಟು ಸಾರು ಹಾಕಪ್ಪಾ. ಹುಳಿ ಚಲೋ ಹಿಡದೈತಿ."

ಸೂಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಹಿಂದಿನ ಸಂಜೆಯಿಂದ ಖಾಲಿಯಾದ ಹೊಟ್ಟೆ ಅವಳದು. ಮಂಚದಿಂದ ಇಳಿದು ಬಂದು ಪೀರ್‌ಬೀಯ ಪಕ್ಕದ ಎಲೆಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು, ನನಗೂ ಹಾಕಿ ಅಂದಳು. ಅವಳ ಹಿಂದೆ ಮದುಮಗ, ಅವನ ಹಿಂದೆ ಲಾರಿಯಷ್ಟು ಜನ. ಪಂಕ್ತಿ ತುಂಬಿತು. ಪಕ್ಕದಲ್ಲಿ ಕೂತವಳು ಯಾವ ಜಾತಿ ಅಂತ ಕೇಳಲು ಆ ಹಸಿವಿನಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ, ಕೇಳದಿದ್ದರೆ ಆಕಾಶವೇನೂ ಬೀಳುವುದಿಲ್ಲ ಎಂಬುದು ಅವತ್ತು ಬಳಗಾನೂರಿಗೆ ಕಂಡಿತು.

ಎರಡನೆಯ ಸಲದ ಹುಗ್ಗಿಗೆ ಸೂಗಮ್ಮ ಮಾತಿಗಿಳಿದಳು. ಶ್ರಾವಣ ಕಳೆದ ಮೇಲೆ ತಮ್ಮನ ಮನೆಯಲ್ಲೂ ಮದುವೆಯಿದೆ, ಲಿಂಗಸುಗೂರಿಗೆ ಬರುತ್ತೀಯಾ, ನಮ್ಮ ಓಣಿಯಲ್ಲಿ ಆರು ಮನೆಯವರ ಕೊಪ್ಪರಿಗೆಗಳಿವೆ ಅಂದಳು. ಪೀರ್‌ಬೀ ಬಾಯಿಯದನ್ನು ನುಂಗಿ, ಕೈಗಂಟಿದ ತುಪ್ಪ ನೆಕ್ಕಿ, ಅಡುಗೆಯ ಕಡೆ ನಿಂತ ಪಾರ್ವತೆಮ್ಮನನ್ನು ಒಮ್ಮೆ ನೋಡಿ ಹೇಳಿದಳು:

"ಬರ್ತೀನ್ರಿ ಅಕ್ಕಾ. ಹಾಕೋದು ನನ್ನ ಕೆಲಸ. ತಿಕ್ಕೋರನ್ನ ತಡಿಯೋದು ನಿಮ್ಮ ಕೆಲಸ."